ಹಾಸಿನ ಬೀಮಿನಲ್ಲಿ ಅಂಟು-ಜಾರು ಚಲನೆ: ಪ್ಲಾಸ್ಟಿಕ್ ಎಳೆಗಳ ಘರ್ಷಣೆಯನ್ನು ಕುರಿತು

ಬೀಳಗಿ ತಾಲ್ಲೂಕಿನ ಬಾಡಗಂಡಿಯ ಸುತ್ತಲಿನದು ಕಬ್ಬಿನ ಸೀಮೆ. ಅಲ್ಲಿಂದ ಪಶ್ಚಿಮಕ್ಕೆ ಸಾಗಿದರೆ ರಬಕವಿ-ಬನಹಟ್ಟಿಯ ವಿದ್ಯುತ್ ಮಗ್ಗಗಳ ಸದ್ದು ಕಿವಿಗೆ ಬೀಳುತ್ತದೆ. ನೇಯ್ದ ಸೀರೆಯನ್ನು ಬೆಳಕಿಗೆ ಹಿಡಿದಾಗ ಅಡ್ಡಲಾಗಿ ಕಾಣುವ ದಟ್ಟ-ವಿರಳ ಪಟ್ಟಿಗಳನ್ನು ನೇಕಾರನ ಅಲಕ್ಷ್ಯವೆಂದು ಎಣಿಸಿ ಕೂಲಿಯಲ್ಲಿ ಕಡಿತ ಮಾಡುವುದುಂಟು. ಆದರೆ ಈ ದೋಷದ ಒಂದು ಮೂಲ ನೇಕಾರನ ಕೈಯಲ್ಲಿಲ್ಲ, ಘರ್ಷಣೆಯ ಸ್ವಭಾವದಲ್ಲಿಯೇ ಇದೆ.

ಸಾದಾ ಮಗ್ಗದಲ್ಲಿ ಹಾಸಿನ ಬೀಮಿನ ಅಂಚಿಗೆ ಸರಪಳಿಯನ್ನೋ ಹಗ್ಗವನ್ನೋ ಸುತ್ತಿ ತುದಿಗೆ ತೂಕ ಕಟ್ಟಿರುತ್ತಾರೆ. ಬಟ್ಟೆ ಮುಂದೆ ಸರಿದಂತೆ ಹಾಸು ಬೀಮನ್ನು ಎಳೆಯುತ್ತದೆ. ಸುತ್ತು ಅದನ್ನು ತಡೆಯುತ್ತದೆ. ಅಂಗುಲಕ್ಕೆ 50 ಹೊಕ್ಕು, ನಿಮಿಷಕ್ಕೆ 100 ಹೊಕ್ಕು ಎಂದಿಟ್ಟುಕೊಂಡರೆ ಹಾಸು ನಿಮಿಷಕ್ಕೆ ಕೇವಲ 2 ಅಂಗುಲ ಸರಿಯುತ್ತದೆ. ತೊಡಕು ಹುಟ್ಟುವುದು ಇಂಥ ಮಂದಗತಿಯಲ್ಲಿಯೇ. ಸ್ಥಿತ ಘರ್ಷಣೆಯು ಚಲನ ಘರ್ಷಣೆಗಿಂತ ಹೆಚ್ಚಾಗಿರುವಲ್ಲಿ ಎಳೆಗಳು ಸ್ಪ್ರಿಂಗಿನಂತೆ ಹಿಗ್ಗುತ್ತ ಬಿಗಿಯಾಗುತ್ತವೆ; ತಡೆ ಮೀರಿದೊಡನೆ ಬೀಮು ತಟ್ಟನೆ ಜಾರುತ್ತದೆ, ಬಿಗಿತ ಇಳಿದು ಮತ್ತೆ ನಿಲ್ಲುತ್ತದೆ. ಇದೇ ಅಂಟು-ಜಾರು ಚಲನೆ. ಲೋಹಗಳಲ್ಲಿ ಇದನ್ನು 1939ರಲ್ಲಿ ಬೌಡನ್ ಮತ್ತು ಲೆಬೆನ್ ಅಳೆದು ತೋರಿಸಿದರು.

ಸುತ್ತಿದ ಹಗ್ಗದ ಹಿಡಿತವು ಘರ್ಷಣಾಂಕದೊಡನೆ ಘಾತೀಯವಾಗಿ ಏರುತ್ತದೆ ಎಂಬುದನ್ನು ಇಲ್ಲಿ ಮರೆಯಲಾಗದು. ಒಂದೂವರೆ ಸುತ್ತಿಗೆ, ಘರ್ಷಣಾಂಕ 0.20 ಇದ್ದಾಗ ಹಗ್ಗದ ಎರಡು ತುದಿಗಳ ಬಿಗಿತಗಳ ಅನುಪಾತ ಸುಮಾರು 6.6, ಘರ್ಷಣಾಂಕ 0.25 ಆದೊಡನೆ ಅದು 10.6. ಇಷ್ಟು ಅಲ್ಪ ವ್ಯತ್ಯಾಸಕ್ಕೆ ಎಂಥ ದಂಡ!

ಹತ್ತಿಯ ಸ್ಥಾನಕ್ಕೆ ನೈಲಾನ್, ಪಾಲಿಯೆಸ್ಟರ್‌ಗಳು ಬಂದಲ್ಲಿ ವಿಷಯ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಪ್ಲಾಸ್ಟಿಕ್ ಮೃದು, ಒತ್ತಡದಲ್ಲಿ ನಿಂತಷ್ಟು ಹೊತ್ತೂ ಅದರ ಸ್ಪರ್ಶಬಿಂದುಗಳು ನಿಧಾನವಾಗಿ ಹರಡಿ ನಿಜವಾದ ಸ್ಪರ್ಶ ಕ್ಷೇತ್ರ ಬೆಳೆಯುತ್ತದೆ. ಆದುದರಿಂದ ವಿದ್ಯುತ್ ಕಡಿತವಾಗಿ ಮಗ್ಗ ನಿಂತಷ್ಟೂ ಸ್ಥಿತ ಘರ್ಷಣೆ ಏರುತ್ತದೆ. ಮತ್ತೆ ಚಾಲೂ ಮಾಡಿದಾಗ ಬಟ್ಟೆಯಲ್ಲಿ ಮೂಡುವ ಗೆರೆಗೆ ಇದೂ ಒಂದು ಕಾರಣ. ನಿಂತ ಅವಧಿಯಲ್ಲಿ ಹಾಸಿನ ಎಳೆಗಳೇ ಸಡಿಲಗೊಳ್ಳುವುದು ಇನ್ನೊಂದು. ನೈಲಾನ್ ತೇವವನ್ನು ಹೀರುವುದರಿಂದ ಮಳೆಗಾಲದಲ್ಲಿ ಹೊಂದಿಸಿದ ತೂಕ ಬೇಸಿಗೆಗೆ ಒಪ್ಪದಿರಬಹುದು. ಘರ್ಷಣೆಯು ಭಾರಕ್ಕೆ ಅನುಪಾತದಲ್ಲಿರುತ್ತದೆಂಬ, ಅಮೊಂಟನ್ಸ್ 1699ರಲ್ಲಿ ಹೇಳಿದ ನಿಯಮವೂ ಪ್ಲಾಸ್ಟಿಕ್ಕಿನಲ್ಲಿ ಪೂರ್ತಿ ನಿಲ್ಲದು. ಭಾರ ಹೆಚ್ಚಿದಂತೆ ಘರ್ಷಣಾಂಕ ತುಸು ಇಳಿಯುತ್ತದೆ.

ಟೆಫ್ಲಾನಿನಲ್ಲಿ ಸ್ಥಿತ, ಚಲನ ಘರ್ಷಣೆಗಳಲ್ಲಿ ಹೆಚ್ಚಿನ ಅಂತರವಿಲ್ಲ. ಅದು ನಯವಾಗಿ ಜಾರುತ್ತದೆ. ಆದರೆ ಅದರ ಘರ್ಷಣಾಂಕವೇ ತೀರ ಕಡಿಮೆಯಾದುದರಿಂದ ತಡೆಹಗ್ಗಕ್ಕೆ ಅದು ಒದಗದು. ಎಣ್ಣೆ ಹಚ್ಚಿದರೂ ಹಿಡಿತವೇ ತಪ್ಪುತ್ತದೆ. ಇಲ್ಲಿ ಬೇಕಾದುದು ಘರ್ಷಣೆಯ ಇಳಿಕೆಯಲ್ಲ, ಎರಡು ಘರ್ಷಣೆಗಳ ಅಂತರದ ಇಳಿಕೆ. ಸರಪಳಿಗೆ ಗ್ರಾಫೈಟ್ ಪುಡಿ ಸವರುವ ರೂಢಿಗೆ ಅರ್ಥವಿರುವುದು ಇಲ್ಲಿಯೇ. ಹಲ್ಲುಗಾಲಿಗಳಿಂದಲೇ ಬೀಮನ್ನು ತಿರುಗಿಸುವ ಮಗ್ಗದಲ್ಲಿ ಈ ಹಗ್ಗದ ಪ್ರಶ್ನೆಯೇ ಏಳುವುದಿಲ್ಲ. ನಾಲ್ಕು ಮಗ್ಗಗಳ ಮನೆಗೆ ಅದರ ವೆಚ್ಚದ ಮಾತು ಬೇರೆ.