ಬೇಸ್ ಗಿಟಾರಿನ ನಿರ್ಮಲ ನಾದ

ವಾದ್ಯಗೋಷ್ಠಿಯು ಆರಂಭವಾಗಲಿದೆ. ತನ್ನ ಕೊಠಡಿಯಲ್ಲಿ ಇಂಪಾಗಿ ನುಡಿಸಿದ್ದ ಸ್ವರವನ್ನೇ ಬೇಸ್ ಗಿಟಾರಿನ ತರುಣನು ಇಲ್ಲಿಯೂ ನುಡಿಸುತ್ತಾನೆ. ಡ್ರಮ್ಮಿನ ಸದ್ದಿನಲ್ಲಿ ಅದು ಕೇಳಿಸದು. ಆಂಪ್ಲಿಫೈಯರಿನ ಗುಂಡಿಯನ್ನು ಇನ್ನಷ್ಟು ತಿರುಗಿಸಿದೊಡನೆ ಗಂಭೀರವಾಗಿದ್ದ ನಾದವು ಗೊರಗೊರನೆ ಒಡೆಯುತ್ತದೆ. ಮತ್ತೊಂದು ಪೆಡಲನ್ನು ಕೊಂಡು ಜೋಡಿಸಿದರೂ ದೋಷವು ಹೋಗುವುದಿಲ್ಲ. ಹಣವೂ ವ್ಯರ್ಥ, ಶ್ರಮವೂ ವ್ಯರ್ಥ. ಈ ದೋಷವು ಹುಟ್ಟುವುದೆಲ್ಲಿ, ಅದನ್ನು ನಿವಾರಿಸುವ ಬಗೆ ಯಾವುದು ಎಂಬುದನ್ನು ವಿಚಾರಿಸೋಣ.

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಲಿಯೊ ಫೆಂಡರ್ ಎಂಬುವರು ೧೯೫೧ರಲ್ಲಿ ಹೊರತಂದ ‘ಪ್ರಿಸಿಷನ್ ಬೇಸ್’ ಎಂಬ ವಾದ್ಯದಿಂದ ವಿದ್ಯುತ್ ಬೇಸ್ ಗಿಟಾರು ಲೋಕಪ್ರಿಯವಾಗತೊಡಗಿತು. ಅದರ ನಾಲ್ಕು ತಂತಿಗಳಲ್ಲಿ ಅತ್ಯಂತ ದಪ್ಪನಾದುದು ಸೆಕೆಂಡಿಗೆ ಸುಮಾರು ೪೧ ಸಲವೂ, ಅತ್ಯಂತ ತೆಳುವಾದುದು ೯೮ ಸಲವೂ ಕಂಪಿಸುತ್ತವೆ. ತಂತಿಗಳ ಕೆಳಗೆ ಅಯಸ್ಕಾಂತವೂ ಅದನ್ನು ಬಳಸಿದ ತಾಮ್ರದ ಸುರುಳಿಯೂ ಇವೆ. ಉಕ್ಕಿನ ತಂತಿಯು ಕಂಪಿಸಿದಾಗ ಸುರುಳಿಯ ಮೂಲಕ ಹಾಯುವ ಕಾಂತಕ್ಷೇತ್ರವು ಬದಲಾಗುತ್ತದೆ. ಆಗ, ಫ್ಯಾರಡೆಯು ೧೮೩೧ರಲ್ಲಿ ಕಂಡುಹಿಡಿದ ತತ್ತ್ವದಂತೆ, ಅದರಲ್ಲಿ ಅಲ್ಪ ವೋಲ್ಟೇಜು ಹುಟ್ಟುತ್ತದೆ. ಇದನ್ನು ಹಿಗ್ಗಿಸಿ ಲೌಡ್‌ಸ್ಪೀಕರಿಗೆ ಒದಗಿಸುವುದು ಆಂಪ್ಲಿಫೈಯರಿನ ಕೆಲಸ. ನಾದವನ್ನು ತಿದ್ದುವುದಕ್ಕಾಗಿ ನಡುವೆ ಜೋಡಿಸುವ, ಕಾಲಿನಿಂದ ಒತ್ತುವ ಸಣ್ಣ ಪೆಟ್ಟಿಗೆಗಳೇ ಪೆಡಲುಗಳು.

ಹೊರಬರುವ ತರಂಗವು ಒಳಹೊಕ್ಕ ತರಂಗದ ಹಿಗ್ಗಿದ ಪ್ರತಿಯಾಗಿದ್ದರೆ ನಾದವು ನಿರ್ಮಲವಾಗಿರುತ್ತದೆ. ಆದರೆ ಪ್ರತಿಯೊಂದು ಹಂತಕ್ಕೂ ಒಂದು ಎಲ್ಲೆಯುಂಟು. ೯ ವೋಲ್ಟಿನ ಬ್ಯಾಟರಿಯಿಂದ ನಡೆಯುವ ಸಾಮಾನ್ಯ ಪೆಡಲಿನಲ್ಲಿ ತರಂಗದ ತುದಿಯಿಂದ ತಳದವರೆಗಿನ ಅಂತರವು ೯ ವೋಲ್ಟನ್ನು ಮೀರಲಾರದು. ಹಳೆಯ ಮನೆಯ ತಗ್ಗು ಬಾಗಿಲಲ್ಲಿ ಬಗ್ಗದೆ ನುಗ್ಗಿದವನಿಗೆ ತಲೆಪೆಟ್ಟು ತಪ್ಪದು. ಹಾಗೆಯೇ ಎಲ್ಲೆ ಮೀರಿದ ತರಂಗದ ತಲೆಯು ಮೊಟಕಾಗಿ ಚಪ್ಪಟೆಯಾಗುತ್ತದೆ. ಸೆಕೆಂಡಿಗೆ ೪೧ ಕಂಪನಗಳ ಶುದ್ಧ ತರಂಗವು ಮೇಲೆಯೂ ಕೆಳಗೆಯೂ ಸಮನಾಗಿ ಮೊಟಕಾದರೆ, ಅದರ ೩, ೫, ೭ ಪಟ್ಟು ಕಂಪನಗಳುಳ್ಳ ಉಪಸ್ವರಗಳು ಹೊಸದಾಗಿ ಹುಟ್ಟುತ್ತವೆಂದು ಗಣಿತವು ತಿಳಿಸುತ್ತದೆ. ನಾದವು ಒಡೆದಂತೆ ನಮಗೆ ಕೇಳಿಸುವುದು ಇಂಥ ಉಪಸ್ವರಗಳಿಂದಲೇ.

ಮಂದ್ರಸ್ವರಗಳಿಗೇ ಈ ತೊಂದರೆ ಹೆಚ್ಚೇಕೆ? ಮೊದಲನೆಯದಾಗಿ, ನಮ್ಮ ಕಿವಿಯು ಮಂದ್ರಕ್ಕೆ ಮಂದ. ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು ೧೯೩೩ರಲ್ಲಿ ಇದನ್ನು ಅಳೆದು ಪ್ರಕಟಿಸಿದರು. ಎರಡನೆಯದಾಗಿ, ಗಾಳಿಯಲ್ಲಿ ಅಷ್ಟೇ ಒತ್ತಡವನ್ನುಂಟುಮಾಡಲು, ಸ್ವರವು ಒಂದು ಸ್ಥಾಯಿ ಕೆಳಗಿಳಿದರೆ ಲೌಡ್‌ಸ್ಪೀಕರಿನ ಶಂಕುವು ನಾಲ್ಕು ಪಟ್ಟು ದೂರ ಹಿಂದುಮುಂದಾಗಿ ಚಲಿಸಬೇಕು. ಮೇಲಾಗಿ, ಸದ್ದನ್ನು ೧೦ ಡೆಸಿಬೆಲ್ ಹೆಚ್ಚಿಸಲು ಹತ್ತು ಪಟ್ಟು ವಿದ್ಯುತ್ ಸಾಮರ್ಥ್ಯವು ಬೇಕು. ೧೯೬೯ರಲ್ಲಿ ಆಂಪೆಗ್ ಸಂಸ್ಥೆಯು ೩೦೦ ವಾಟ್ ಸಾಮರ್ಥ್ಯದ ‘ಎಸ್‌ವಿಟಿ’ ಎಂಬ ಬೇಸ್ ಆಂಪ್ಲಿಫೈಯರನ್ನು ನಿರ್ಮಿಸಿದುದು ಆಡಂಬರಕ್ಕಾಗಿ ಅಲ್ಲವೆಂಬುದು ಇದರಿಂದ ಸ್ಪಷ್ಟವಾಗುವುದು.

ಒಂದು ಹಂತದಲ್ಲಿ ಮೊಟಕಾದ ತರಂಗವನ್ನು ಮುಂದಿನ ಹಂತಗಳು ಸರಿಪಡಿಸಲಾರವು. ಕೊನೆಯಲ್ಲಿ ಸದ್ದನ್ನು ತಗ್ಗಿಸಿದರೆ ಒಡೆದ ನಾದವೇ ಮೆಲ್ಲಗೆ ಕೇಳಿಸುತ್ತದೆ, ಅಷ್ಟೆ. ಆದುದರಿಂದ ನಾವು ಪರೀಕ್ಷೆಯನ್ನು ಮೊದಲ ಹಂತದಿಂದಲೇ ಆರಂಭಿಸಬೇಕು. ಪೆಡಲುಗಳನ್ನೆಲ್ಲ ಬಿಡಿಸಿ, ಗಿಟಾರನ್ನು ನೇರವಾಗಿ ಆಂಪ್ಲಿಫೈಯರಿಗೆ ಜೋಡಿಸೋಣ. ತಂತಿಯನ್ನು ಅತ್ಯಂತ ಬಲವಾಗಿ ಮೀಟುತ್ತ ಒಳಬದಿಯ ‘ಗೇನ್’ ಗುಂಡಿಯನ್ನು ಏರಿಸಬೇಕು. ನಾದವು ಒಡೆಯತೊಡಗಿದ ಸ್ಥಾನದಿಂದ ಸ್ವಲ್ಪ ಹಿಂದಕ್ಕೆ ತಂದು ನಿಲ್ಲಿಸಬೇಕು. ಸದ್ದಿನ ಹೆಚ್ಚುಕಡಿಮೆಯನ್ನು ಕೊನೆಯ ‘ಮಾಸ್ಟರ್’ ಗುಂಡಿಗೆ ಬಿಡಬೇಕು. ಅನಂತರ ಪೆಡಲುಗಳನ್ನು ಒಂದೊಂದಾಗಿ ಸೇರಿಸುತ್ತ, ಒತ್ತಿದಾಗಲೂ ಬಿಟ್ಟಾಗಲೂ ಸದ್ದು ಒಂದೇ ಮಟ್ಟದಲ್ಲಿರುವಂತೆ ಹೊಂದಿಸಬೇಕು. ಯಾವ ಪೆಡಲು ಸೇರಿದಾಗ ನಾದವು ಕೆಡುವುದೋ, ದೋಷವನ್ನು ಅಲ್ಲಿಯೇ ಹುಡುಕಬೇಕು.

ಈಕ್ವಲೈಸರಿನಲ್ಲಿ ಮಂದ್ರಸ್ವರಗಳನ್ನು ೧೨ ಡೆಸಿಬೆಲ್ ಏರಿಸಿದರೆ ವೋಲ್ಟೇಜು ಸುಮಾರು ೪ ಪಟ್ಟು, ಸಾಮರ್ಥ್ಯ ಸುಮಾರು ೧೬ ಪಟ್ಟು ಬೇಕಾಗುತ್ತದೆ. ಬೇಕಾದುದನ್ನು ಏರಿಸುವುದಕ್ಕಿಂತ ಬೇಡದುದನ್ನು ಇಳಿಸುವುದೇ ಕ್ಷೇಮ. ಕಂಪ್ರೆಸರ್ ಎಂಬ ಪೆಡಲು ಬಲವಾದ ಮೀಟಿನ ಅಬ್ಬರವನ್ನು ತಗ್ಗಿಸುತ್ತದೆ. ೪:೧ ಪ್ರಮಾಣದಲ್ಲಿಟ್ಟರೆ, ಗೊತ್ತುಮಾಡಿದ ಮಟ್ಟವನ್ನು ೮ ಡೆಸಿಬೆಲ್ ಮೀರಿದ ಸ್ವರವು ೨ ಡೆಸಿಬೆಲ್ ಮಾತ್ರ ಮೀರಿ ಹೊರಬರುತ್ತದೆ. ಆದರೆ ಒಂದು ಎಚ್ಚರಿಕೆ: ೪೧ ಕಂಪನಗಳ ಸ್ವರದಲ್ಲಿ ಒಂದು ಕಂಪನಕ್ಕೆ ಸುಮಾರು ೨೪ ಮಿಲಿಸೆಕೆಂಡು ಹಿಡಿಯುತ್ತದೆ. ಕಂಪ್ರೆಸರು ಇದಕ್ಕಿಂತ ಬೇಗನೆ ಬಿಗಿದು ಸಡಿಲಿಸಿದರೆ ತರಂಗದ ಆಕಾರವನ್ನೇ ಕೆಡಿಸುತ್ತದೆ.

ಆಂಪ್ಲಿಫೈಯರೇ ಚಿಕ್ಕದಾಗಿದ್ದರೆ ಯಾವ ಪೆಡಲೂ ಅದರ ವಾಟುಗಳನ್ನು ಹೆಚ್ಚಿಸದು. ಆಗಲೂ ಒಂದು ಉಪಾಯವಿದೆ. ೮೨, ೧೨೩, ೧೬೪ ಕಂಪನಗಳ ಉಪಸ್ವರಗಳು ಕೇಳಿಸಿದರೆ, ೪೧ರ ಮೂಲಸ್ವರವು ಕ್ಷೀಣವಾಗಿದ್ದರೂ ನಮ್ಮ ಶ್ರವಣೇಂದ್ರಿಯವು ಸ್ವರವನ್ನು ಸರಿಯಾಗಿಯೇ ಗುರುತಿಸುತ್ತದೆ. ಆದಕಾರಣ ಅತಿ ಮಂದ್ರಭಾಗವನ್ನು ಶೋಧಕದಿಂದ ಸ್ವಲ್ಪ ತಗ್ಗಿಸಿದರೆ ಶಂಕುವಿನ ಶ್ರಮವು ಇಳಿದು, ಉಳಿದ ನಾದಕ್ಕೆ ಎಡೆ ದೊರೆಯುತ್ತದೆ. ನಮ್ಮ ತರುಣನು ಹೊಸ ಪೆಡಲಿಗೆ ಹಣ ತೆರುವ ಮೊದಲು ಗೇನ್ ಗುಂಡಿಯನ್ನು ಹಿಂದಕ್ಕೆ ತಿರುಗಿಸಿ ನೋಡಿದ್ದರೆ, ಬಹುಶಃ ಅಂದಿನ ಗೋಷ್ಠಿಯು ಸಾಂಗವಾಗಿ ನೆರವೇರುತ್ತಿತ್ತು.