ಕಂಪನಿ ಮುಳುಗಿದ ಮೇಲೆ ಬೀಗದ ಕೈ ಯಾರ ಹತ್ರ?

ಜೆಟ್ ಏರ್‌ವೇಸ್ ಹಾರಾಟ ನಿಲ್ಲಿಸಿದ್ದು 2019ರ ಏಪ್ರಿಲ್‌ನಲ್ಲಿ. ಅದನ್ನ ಮತ್ತೆ ಎಬ್ಬಿಸೋ ಪ್ರಯತ್ನ ಐದು ವರ್ಷ ನಡೀತು. ಕೊನೆಗೆ 2024ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್, ಕಂಪನಿಯನ್ನ ಮುಚ್ಚಿ ಆಸ್ತಿ ಮಾರಿ ಅಂತ ಆದೇಶ ಕೊಡ್ತು. ಹಾಗೆ ಮಾರೋಕೆ ನೇಮಕ ಆಗೋ ವ್ಯಕ್ತಿಯೇ ಲಿಕ್ವಿಡೇಟರ್. ಕನ್ನಡದಲ್ಲಿ ಸಮಾಪಕ.

ಬಿಕಾಂನಲ್ಲಿ ನಾವು ಲಿಕ್ವಿಡೇಟರ್ ಕಮಿಷನ್ ಎಷ್ಟು ಅಂತ ಲೆಕ್ಕ ಹಾಕಿದ್ದೇ ಹಾಕಿದ್ದು. ಆ ಮನುಷ್ಯ ಮಾಡೋದೇನು ಅಂತ ಯಾರೂ ಹೇಳ್ಲಿಲ್ಲ!

ಆದೇಶ ಬಂದ ದಿನವೇ ಡೈರೆಕ್ಟರ್‌ಗಳ ಅಧಿಕಾರ ಮುಗೀತು, ಅದು ಇವರ ಕೈಗೆ ಬರುತ್ತೆ. ಇವರು ಮಾಲೀಕರೂ ಅಲ್ಲ, ಬ್ಯಾಂಕಿನ ಏಜೆಂಟೂ ಅಲ್ಲ. ಜಾಗ, ಯಂತ್ರ, ಬರಬೇಕಾದ ಬಾಕಿ ಎಲ್ಲ ವಶಕ್ಕೆ ತಗೊಂಡು, ಬೆಲೆ ಕಟ್ಟಿಸಿ, ಸಾಮಾನ್ಯವಾಗಿ ಹರಾಜಿನಲ್ಲಿ ಮಾರ್ತಾರೆ.

ಮುಚ್ಚಿದ ಕಂಪನಿಯ ಆಸ್ತಿಗೆ ಒಳ್ಳೆ ಬೆಲೆ ಸಿಗೋದು ಕಷ್ಟ. ಬೆಂಗಳೂರಿನ ಕಿಂಗ್‌ಫಿಷರ್ ಏರ್‌ಲೈನ್ಸ್‌ನ ಮುಂಬೈ ಕಟ್ಟಡ ನೋಡಿ. 2016ರಲ್ಲಿ 150 ಕೋಟಿ ಕೇಳಿದ್ರು, ಯಾರೂ ಬರಲಿಲ್ಲ. ಹರಾಜಿನ ಮೇಲೆ ಹರಾಜು ಆಗಿ 2021ರಲ್ಲಿ ಹೋಗಿದ್ದು ಸುಮಾರು 52 ಕೋಟಿಗೆ. ಅದು ಲಿಕ್ವಿಡೇಟರ್ ಮಾರಿದ್ದಲ್ಲ, ಸಾಲ ಕೊಟ್ಟ ಬ್ಯಾಂಕುಗಳ ಕಡೆಯಿಂದ ಆದ ಮಾರಾಟ. ಆದ್ರೆ ಕೊಳ್ಳೋರು ಅವರೇ ತಾನೇ?

ಬಂದ ದುಡ್ಡನ್ನ ಇವರು ಇಷ್ಟ ಬಂದ ಹಾಗೆ ಹಂಚೋ ಹಾಗಿಲ್ಲ. 2016ರ ದಿವಾಳಿ ಸಂಹಿತೆಯ 53ನೇ ಸೆಕ್ಷನ್‌ನಲ್ಲಿ ಒಂದು ಕ್ಯೂ ಇದೆ. ಮೊದಲು ಈ ಪ್ರಕ್ರಿಯೆಯ ಖರ್ಚು, ಲಿಕ್ವಿಡೇಟರ್ ಫೀಸೂ ಸೇರಿ. ಆಮೇಲೆ ಕಾರ್ಮಿಕರ 24 ತಿಂಗಳ ಬಾಕಿ. ಅಡಮಾನ ಬಿಟ್ಟುಕೊಟ್ಟ ಬ್ಯಾಂಕುಗಳಿಗೂ ಅದೇ ಸಾಲಲ್ಲಿ ಸಮಪಾಲು. ಅದರ ಹಿಂದೆ ಉಳಿದ ನೌಕರರು, 12 ತಿಂಗಳ ಸಂಬಳಕ್ಕೆ. ಸಾಫ್ಟ್‌ವೇರ್, ಸೇಲ್ಸ್‌ನಲ್ಲಿರೋರು ಕಾನೂನಿನ ಕಣ್ಣಲ್ಲಿ 'ಕಾರ್ಮಿಕ'ರಾ, ಬರೀ 'ನೌಕರ'ರಾ ಅನ್ನೋದರ ಮೇಲೇ ಜಾಗ ನಿರ್ಧಾರ ಆಗುತ್ತೆ. ಸರ್ಕಾರದ ತೆರಿಗೆ ಇನ್ನೂ ಹಿಂದೆ. ನೌಕರರ ಪಿಎಫ್, ಗ್ರಾಚ್ಯುಟಿ ನಿಧಿಯ ಹಣ ಮಾತ್ರ ಈ ಕ್ಯೂಗೇ ಬರಲ್ಲ, ಅದಕ್ಕೆ ಲಿಕ್ವಿಡೇಟರ್ ಕೈ ಹಾಕೋ ಹಾಗಿಲ್ಲ.

ಕಟ್ಟಕಡೆಗೆ ಷೇರುದಾರರು. 'ಕಡಿಮೆಗೆ ಸಿಗ್ತಿದೆ' ಅಂತ ಆ್ಯಪ್‌ನಲ್ಲಿ ಮುಳುಗೋ ಕಂಪನಿಯ ಷೇರು ತಗೊಳ್ಳೋರು ನಿಲ್ಲೋದು ಇಲ್ಲೇ. ಅಲ್ಲಿಗೆ ಬರೋಷ್ಟರಲ್ಲಿ ಸಾಮಾನ್ಯವಾಗಿ ಪಾತ್ರೆ ಖಾಲಿ.

ನಿಮ್ಮ ಕಂಪನಿಗೇ ಹೀಗಾದ್ರೆ ಲಿಕ್ವಿಡೇಟರ್ ಹೊರಡಿಸೋ ಪ್ರಕಟಣೆ ಹುಡುಕಿ. ಅದರಲ್ಲಿ ಹೇಳಿದ ಗಡುವಿನೊಳಗೆ ಬಾಕಿ ಸಂಬಳದ ಕ್ಲೇಮ್ ಹಾಕಿ. ಆಫೀಸ್ ಮೇಲ್ ಬಂದ್ ಆಗೋ ಮುಂಚೆ ಆಫರ್ ಲೆಟರ್, ಪೇ ಸ್ಲಿಪ್ ಡೌನ್‌ಲೋಡ್ ಮಾಡಿಟ್ಕೊಳ್ಳಿ.