ಓಡುತ್ತಿರುವಾಗಲೇ ಹುಟ್ಟುವ ಕ್ಲಾಸು

ಬ್ರೌಸರಿನಲ್ಲೇ ಸ್ಕ್ವೀಕ್ ಎಂಬ ಪ್ರೋಗ್ರಾಮಿಂಗ್ ಪರಿಸರ ತೆರೆದು 'ಬಸ್' ಅಂತ ಒಂದು ಕ್ಲಾಸ್ ಬರೆದೆ. 'ಮಾರ್ಗ' ಎಂಬ ಒಂದೇ ವೇರಿಯಬಲ್. ಅದರಿಂದೊಂದು ಆಬ್ಜೆಕ್ಟ್ ಮಾಡಿ, ಮಾರ್ಗದಲ್ಲಿ 'ಮೈಸೂರು' ತುಂಬಿಸಿಟ್ಟೆ. ಆಮೇಲೆ ಕ್ಲಾಸಿಗೆ 'ದರ' ಎಂಬ ಇನ್ನೊಂದು ವೇರಿಯಬಲ್ ಸೇರಿಸಿ ಉಳಿಸಿದೆ. ಹಳೇ ಬಸ್ಸನ್ನು ತೆರೆದು ನೋಡಿದರೆ ಮೈಸೂರು ಇದ್ದಲ್ಲೇ ಇದೆ, ಪಕ್ಕದಲ್ಲಿ ದರವೂ ಬಂದು ಕೂತಿದೆ, ಸದ್ಯಕ್ಕೆ 'ನಿಲ್', ಅಂದರೆ ಖಾಲಿ. ಪ್ರೋಗ್ರಾಂ ಒಂದು ಕ್ಷಣವೂ ನಿಂತಿರಲಿಲ್ಲ. ಬರೆಯದೇ ಇದ್ದ ಮೆಥಡ್ಡೊಂದನ್ನು ಬೇಕೆಂದೇ ಕರೆದೆ. ಡೀಬಗ್ಗರ್ ಎದ್ದು 'ಕ್ರಿಯೇಟ್' ಬಟನ್ ತೋರಿಸಿತು. ಅಲ್ಲೇ ಬರೆದೆ, ನಿಂತಲ್ಲಿಂದಲೇ ಕೆಲಸ ಮುಂದುವರಿಯಿತು. ಜಾವಾದಲ್ಲೇ ಕೂದಲು ನರೆಸಿಕೊಂಡವನಿಗೆ ಆ ಖುಷಿ ಇನ್ನೂ ಇಳಿದಿಲ್ಲ.

ಸ್ಕ್ವೀಕ್ 1996ರದು. ಅದರ ಮೂಲವಾದ ಸ್ಮಾಲ್‌ಟಾಕ್ ಭಾಷೆ 1972ರಲ್ಲಿ ಜೆರಾಕ್ಸ್ ಪಾರ್ಕ್ ಪ್ರಯೋಗಾಲಯದಲ್ಲಿ ಹುಟ್ಟಿತು. ಕಲ್ಪನೆ ಅಲನ್ ಕೇ ಅವರದು, ಅದನ್ನು ಓಡಿಸಿ ತೋರಿಸಿದವರು ಡ್ಯಾನ್ ಇಂಗಲ್ಸ್. 1979ರಲ್ಲಿ ಅಲ್ಲಿಗೆ ಬಂದ ಸ್ಟೀವ್ ಜಾಬ್ಸ್ ಪರದೆಯ ಸ್ಕ್ರೋಲಿಂಗ್ ಚೆನ್ನಾಗಿಲ್ಲ ಅಂದಾಗ, ಇಂಗಲ್ಸ್ ಅವರೆದುರೇ ಕೋಡ್ ಬದಲಿಸಿ ನುಣುಪಾಗಿಸಿದರಂತೆ.

ಓಡುತ್ತಿರುವಾಗಲೇ ಹೀಗೆ ಬದಲಿಸುವ ಗುಟ್ಟು ಇಷ್ಟೇ: ಸ್ಮಾಲ್‌ಟಾಕ್‌ನಲ್ಲಿ ಕ್ಲಾಸ್ ಬರೆಯಲು ಪ್ರತ್ಯೇಕ ವ್ಯಾಕರಣವೇ ಇಲ್ಲ. 'ಆಬ್ಜೆಕ್ಟ್' ಎಂಬ ಕ್ಲಾಸಿಗೆ 'ನಿನಗೊಂದು ಸಬ್‌ಕ್ಲಾಸ್ ಮಾಡು' ಅಂತ ಮೆಸೇಜ್ ಕಳಿಸಿದರೆ ಮುಗಿಯಿತು. ಕ್ಲಾಸೂ ಆಬ್ಜೆಕ್ಟೇ. ಹಾಗಾದರೆ ಆ ಕ್ಲಾಸಿನ ಕ್ಲಾಸ್ ಯಾವುದು? ಅದರ ಮೆಟಾಕ್ಲಾಸ್. ಅದರದ್ದು? 'ಮೆಟಾಕ್ಲಾಸ್' ಎಂಬ ಕ್ಲಾಸ್. ಅದರದ್ದೂ? 'ಮೆಟಾಕ್ಲಾಸ್ ಕ್ಲಾಸ್'. ಇನ್ನೊಂದೇ ಸಲ ಕೇಳಿ, ಉತ್ತರ ಮತ್ತೆ 'ಮೆಟಾಕ್ಲಾಸ್'! ಒಂದು ಇನ್ನೊಂದರ ಇನ್‌ಸ್ಟನ್ಸ್. ಮೊದಲು ಹುಟ್ಟಿದ್ದು ಯಾವುದೆಂದು ಕೇಳಬೇಡಿ, ಊಟ ತಣ್ಣಗಾಗುತ್ತದೆ. ಪೈಥಾನ್ ಈ ಸುತ್ತನ್ನು ಇನ್ನೂ ಚಿಕ್ಕದು ಮಾಡಿದೆ: 'ಟೈಪ್‌'ನ ಟೈಪ್ 'ಟೈಪ್' ತಾನೇ. ಅದೇ 'ಟೈಪ್‌'ಗೆ ಹೆಸರು, ಪೂರ್ವಜರು, ಗುಣಗಳು ಎಂಬ ಮೂರನ್ನು ಕೊಟ್ಟರೆ ಹೊಸ ಕ್ಲಾಸ್ ಕೈಗೆ ಬರುತ್ತದೆ.

ಜಾವಾಕ್ಕೆ ಇಷ್ಟು ಧೈರ್ಯವಿಲ್ಲ. ಓಡುತ್ತಿರುವಾಗ ಹೊಸ ಕ್ಲಾಸ್ ತರಲು ಕ್ಲಾಸ್‌ಲೋಡರ್ ಇದೆ. ಗ್ರೂವಿ ಭಾಷೆಯ ಸ್ಕ್ರಿಪ್ಟಿನ ಪಠ್ಯವೂ ಆ ಬಾಗಿಲಿನಿಂದಲೇ ಕ್ಲಾಸಾಗಿ ಒಳಬರುತ್ತದೆ. ಆದರೆ ಒಂದೇ ಫೈಲನ್ನು ಎರಡು ಲೋಡರ್ ತಂದರೆ ಅವು ಎರಡು ಬೇರೆ ಕ್ಲಾಸುಗಳು. ಆಗ 'ಬಸ್ಸನ್ನು ಬಸ್ಸಾಗಿ ಕ್ಯಾಸ್ಟ್ ಮಾಡಲಾಗದು' ಎಂಬ ಎರರ್ ನೋಡಿ ಹಣೆ ಚಚ್ಚಿಕೊಳ್ಳಬೇಕು. ಓಡುವಾಗಲೇ ಕೋಡ್ ಬದಲಿಸುವ ಮಾಮೂಲಿ ಹಾಟ್‌ಸ್ವಾಪ್‌ನಲ್ಲಿ ಮೆಥಡ್ಡಿನ ಒಡಲು ಬದಲಿಸಬಹುದು, ಹೊಸ ಫೀಲ್ಡ್ ಸೇರಿಸುವಂತಿಲ್ಲ.

ಹಾಗೆಂದು ಓಡುವ ಸರ್ವರಿಗೆ ಸಿಕ್ಕಸಿಕ್ಕವರ ಸ್ಕ್ರಿಪ್ಟ್ ತುರುಕಬೇಡಿ. ಅದು ಮನೆಯ ಕೀಲಿಕೈ ಕೊಟ್ಟಂತೆ. ಕಲಿಯುವ ಮಕ್ಕಳಿಗೆ ಮಾತ್ರ ಮೊದಲು ಸ್ಕ್ವೀಕನ್ನೇ ತೋರಿಸಿ. ಅದು ಉಚಿತ, ಇನ್‌ಸ್ಟಾಲ್ ಮಾಡುವ ಗೋಜೂ ಇಲ್ಲ.